ಆಲ್ಟೊದಲ್ಲಿ ಆರು ಜನ ಹಿಡಿಸಲ್ಲ, ಏಳೂವರೆ ಲಕ್ಷದೊಳಗೆ ಏನು ತಗೊಳ್ಳಲಿ?

ಕೊಬ್ಬರಿ ಸೀಮೆಯವ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗ್ತಿದ್ದೆ, ಈಗ ನಾನೇ ಕೇಳುವ ಹಾಗಾಗಿದೆ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನನ್ನ ಹತ್ತಿರ 2013ರ ಆಲ್ಟೊ 800 ಇದೆ. 1 ಲಕ್ಷ 10 ಸಾವಿರ ಕಿಲೋಮೀಟರ್ ಓಡಿದೆ. ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿಲ್ಲ, ಹಾಗಾಗಿ ಮಾರೋಕೆ ಮನಸ್ಸಿಲ್ಲ. ಆದರೆ ಮನೆಯಲ್ಲಿ ಜನ ಜಾಸ್ತಿ ಆಗ್ತಿದ್ದಾರೆ. ಮಗಳಿಗೆ ಐದು ವರ್ಷ. ಹೆಂಡತಿಗೆ ಈಗ ಆರು ತಿಂಗಳು. ಅಪ್ಪನಿಗೆ ಮಂಡಿ ಆಪರೇಷನ್ ಆದ ಮೇಲೆ ಅಪ್ಪ ಅಮ್ಮ ಇಬ್ಬರೂ ನಮ್ಮ ಜೊತೆಗೇ ಬಂದಿದ್ದಾರೆ. ಅಂದರೆ ಮಗು ಹುಟ್ಟಿದರೆ ನಾವು ಆರು ಜನ. ಈಗಲೇ ಐದು ಜನ ಕೂತರೆ ಅಮ್ಮ ಕಾಲು ಮಡಚಿಕೊಂಡು, ಮಗಳು ಅಮ್ಮನ ತೊಡೆ ಮೇಲೆ, ಹಿಂದೆ ಚೀಲ. ತುಮಕೂರು ಬರುವಷ್ಟರಲ್ಲಿ ಎಲ್ಲರಿಗೂ ಸಾಕಾಗಿರುತ್ತದೆ.

ಮನೆ ದಾಸರಹಳ್ಳಿ ಕಡೆ. ಕೆಲಸಕ್ಕೆ ನಾನು ಮೆಟ್ರೋದಲ್ಲಿ ಹೋಗ್ತೇನೆ, ಕಾರು ವಾರವಿಡೀ ನಿಂತೇ ಇರುತ್ತದೆ. ತಿಂಗಳಿಗೆ ಎರಡು ಸಲ ತಿಪಟೂರು ಹತ್ತಿರದ ನಮ್ಮೂರಿಗೆ ಹೋಗ್ತೇವೆ, ಹೋಗಿ ಬರೋಕೆ ಸುಮಾರು 300 ಕಿಲೋಮೀಟರ್. ವರ್ಷಕ್ಕೊಮ್ಮೆ ಧರ್ಮಸ್ಥಳ. ಮಧ್ಯೆ ಆಸ್ಪತ್ರೆ, ಮದುವೆ ಮುಂಜಿ. ಊರಿಂದ ಬರುವಾಗ ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ ಇರಲೇಬೇಕು. ಅದಿಲ್ಲದೆ ಅಪ್ಪ ಕಾರು ಹತ್ತಲ್ಲ. ತಮಾಷೆ ಅಲ್ಲ, ನಿಜ.

ದುಡ್ಡಿನ ವಿಷಯ. ಹೆರಿಗೆಗೆ ಅಂತ ಬೇರೆ ಎತ್ತಿಟ್ಟಿದ್ದೇನೆ, ಅದನ್ನು ಮುಟ್ಟಲ್ಲ. ಅದು ಬಿಟ್ಟು ಕೈಯಲ್ಲಿ ಮೂರು ಲಕ್ಷ. ಆಲ್ಟೊಗೆ ಒಂದೂವರೆ ಬರಬಹುದು. ಮೂರು ಲಕ್ಷ ಸಾಲ ಮಾಡಬಹುದು, ಕಂತು ಏಳು ಸಾವಿರ ದಾಟಬಾರದು. ಒಟ್ಟು ಏಳೂವರೆ, ಅದೂ ರಸ್ತೆಗೆ ಇಳಿಯುವಷ್ಟರಲ್ಲಿ. ಶೋರೂಮ್ ಬೆಲೆ ಅಲ್ಲ.

ತಲೆಯಲ್ಲಿರೋದು: ಹೊಸ ರೆನೋ ಟ್ರೈಬರ್, ಇಲ್ಲಾಂದ್ರೆ ಸೆಕೆಂಡ್ ಹ್ಯಾಂಡ್ ಎರ್ಟಿಗಾ. ಈಕೋ ಕೂಡ ಒಂದು ಸಲ ನೋಡಿ ಬಂದೆ. ನಮ್ಮ ಭಾವ ಮಾತ್ರ ಹಳೇ ಇನೋವಾ ತಗೋ ಅಂತ ದಿನಾ ಫೋನ್ ಮಾಡ್ತಿದ್ದಾರೆ. ಯಾವುದು ಸರಿ? ಏಳು ಸೀಟಿನ ಕಾರು ಇಟ್ಟುಕೊಂಡವರು ದಯವಿಟ್ಟು ಹೇಳಿ.

---

ಹಾಸನದ ಹಳೇ ಸ್ಟೇರಿಂಗು

ನಿಮ್ಮ ಭಾವನ ಮಾತು ಕೇಳಿ. ನಾನು ಹತ್ತೊಂಬತ್ತು ವರ್ಷ ಬಾಡಿಗೆ ಗಾಡಿ ಓಡಿಸಿದ್ದೇನೆ. 2000ದಲ್ಲಿ ಬಿಡದಿಯಿಂದ ಕ್ವಾಲಿಸ್ ಬಂದಾಗಿನಿಂದ ನೋಡಿದ್ದೇನೆ, 2005ರಲ್ಲಿ ಇನೋವಾ ಬಂತು, ಆಮೇಲೆ ಕ್ರಿಸ್ಟಾ. ಶಿರಾಡಿ ಘಾಟಿಯಲ್ಲಿ ಏಳು ಜನ, ಮೇಲೆ ಕ್ಯಾರಿಯರ್‌ನಲ್ಲಿ ಲಗೇಜು, ಎಸಿ ಹಾಕಿಕೊಂಡು ಆರಾಮಾಗಿ ಹತ್ತುತ್ತದೆ. ಎರಡು ಲಕ್ಷ ಕಿಲೋಮೀಟರ್ ಆದ ಇನೋವಾ ಅಂದರೆ ಅದಕ್ಕಿನ್ನೂ ಮೀಸೆ ಬಂದಿರುತ್ತದೆ ಅಷ್ಟೇ. ಅಪ್ಪನಿಗೂ ಹತ್ತಿ ಇಳಿಯೋಕೆ ಸುಲಭ, ಸೀಟು ಸೊಂಟದ ಎತ್ತರಕ್ಕೆ ಇರುತ್ತದೆ. 2012-13ರದ್ದು ನಿಮ್ಮ ದುಡ್ಡಿಗೆ ಸಿಗುತ್ತೆ. ಚಿಕ್ಕ ಇಂಜಿನ್ ಗಾಡಿಗೆ ಏಳು ಜನ ತುಂಬೋದು ಕತ್ತೆ ಮೇಲೆ ಆನೆ ಹೊರೆ ಹೊರಿಸಿದ ಹಾಗೆ.

---

ಲೆಕ್ಕದ ಮೇಷ್ಟ್ರು

ಅಣ್ಣಾ, ಇನೋವಾ ಬಗ್ಗೆ ನೀವು ಹೇಳಿದ್ದೆಲ್ಲ ಒಪ್ಪಿದೆ. ಗಾಡಿ ಗಟ್ಟಿ. ಆದರೆ ಇವರ ಲೆಕ್ಕಕ್ಕೆ ಅದು ಕೂರಲ್ಲ, ಯಾಕೆ ಅಂತ ಹೇಳ್ತೇನೆ.

ಖಾಸಗಿ ಕಾರಿನ ಆರ್‌ಸಿ, ಅಂದರೆ ನೋಂದಣಿ ಪತ್ರ, 15 ವರ್ಷಕ್ಕೆ. 2012ರ ಗಾಡಿ ಅಂದರೆ 2027ಕ್ಕೆ ಮುಗೀತು. ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ಶುಲ್ಕ, ಹಸಿರು ತೆರಿಗೆ, ಆರ್‌ಟಿಒ ಓಡಾಟ. ಮೂರು ಲಕ್ಷ ಸಾಲ ಮಾಡಿ ತಗೊಂಡು, ಸಾಲ ತೀರುವ ಮೊದಲೇ ಆರ್‌ಸಿ ಮುಗಿದರೆ ಹೇಗೆ? ಅಷ್ಟು ಹಳೇ ಗಾಡಿಗೆ ಬ್ಯಾಂಕು ಸಾಲ ಕೊಡುವುದೇ ಕಷ್ಟ, ಅದು ಬೇರೆ ಮಾತು. ತಿಂಗಳಿಗೆ 600-700 ಕಿಲೋಮೀಟರ್ ಓಡಿಸುವವರಿಗೆ ಎರಡೂವರೆ ಲೀಟರ್ ಡೀಸೆಲ್ ಇಂಜಿನ್ ಬೇಡವೇ ಬೇಡ.

ಈಗ ಹೊಸದರ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್ ಒಳಗಿನ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಇಂಜಿನ್ ಇದ್ದರೆ 18 ಪರ್ಸೆಂಟ್. ಅದಕ್ಕಿಂತ ದೊಡ್ಡದಾದರೆ 40. ಟ್ರೈಬರ್ ಉದ್ದ ನಾಲ್ಕು ಮೀಟರಿಗೆ ಸ್ವಲ್ಪವೇ ಕಡಿಮೆ, ಇಂಜಿನ್ 999 ಸಿಸಿ. ಕೂದಲೆಳೆ ಅಂತರದಲ್ಲಿ ಸಣ್ಣ ಕಾರಿನ ಪಟ್ಟಿಗೆ ಸೇರಿಕೊಂಡಿದೆ ನೋಡಿ! ಎರ್ಟಿಗಾ ಉದ್ದವೂ ಜಾಸ್ತಿ, ಇಂಜಿನ್ನೂ 1.5 ಲೀಟರ್, ಅದು 40ರ ಪಟ್ಟಿಯಲ್ಲಿ. ಹಾಗಾಗಿ ಹೊಸ ಎರ್ಟಿಗಾ ನಿಮ್ಮ ಕೈಗೆ ಸಿಗಲ್ಲ, ಮರೆತುಬಿಡಿ.

ಟ್ರೈಬರ್ ಕೆಳಗಿನ ಮಾಡೆಲ್ ಶೋರೂಮ್ ಬೆಲೆ ಆರು ಲಕ್ಷ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಜೀವಾವಧಿ ತೆರಿಗೆ 14 ಪರ್ಸೆಂಟ್. ಅಂದರೆ 84 ಸಾವಿರ. ಅದರ ಮೇಲೆ ಸೆಸ್. ಆಮೇಲೆ ಇನ್ಶೂರೆನ್ಸ್, ರಿಜಿಸ್ಟ್ರೇಷನ್, ಫಾಸ್ಟ್‌ಟ್ಯಾಗ್. ಏಳೂಕಾಲು ಅಂತ ಅಂದುಕೊಳ್ಳಿ. ಅಂದರೆ ಕೆಳಗಿನ ಮಾಡೆಲ್ ಸಿಗುತ್ತೆ, ಮೇಲಿನದಕ್ಕೆ ಆಸೆ ಪಡಬೇಡಿ. ಶೋರೂಮ್‌ನಲ್ಲಿ ಸೀಟ್ ಕವರು, ಮ್ಯಾಟು, ಕೋಟಿಂಗು, ಪಾಲಿಶು ಅಂತ 25 ಸಾವಿರ ಸೇರಿಸಿಬಿಡ್ತಾರೆ. ಬೇಡ ಅನ್ನಿ. ನಾಚಿಕೆ ಪಡಬೇಡಿ.

ಕಂತಿನ ವಿಷಯವೂ ನೋಡಿ. ಮೂರು ಲಕ್ಷ, ಐದು ವರ್ಷ. ಹೊಸ ಕಾರಿಗೆ 9 ಪರ್ಸೆಂಟ್ ಬಡ್ಡಿ ಸಿಕ್ಕರೆ ಕಂತು ಸುಮಾರು 6,230. ಹಳೇ ಕಾರಿಗೆ ಬಡ್ಡಿ ಯಾವಾಗಲೂ ಜಾಸ್ತಿ. 14 ಪರ್ಸೆಂಟ್ ಅಂತ ಹಿಡಿದರೆ 6,980. ಐದು ವರ್ಷಕ್ಕೆ ಅಂತರ 45 ಸಾವಿರ. ಸೆಕೆಂಡ್ ಹ್ಯಾಂಡ್ ಅಗ್ಗ ಅಂತ ಹೊರಡುವವರು ಈ 45 ಸಾವಿರ ಮರೀತಾರೆ. ಹಳೇ ಕಾರಿಗೆ ಇರುವ ಲಾಭ ಅಂದರೆ ಜೀವಾವಧಿ ತೆರಿಗೆ ಮೊದಲ ಮಾಲೀಕ ಕಟ್ಟಿಬಿಟ್ಟಿರುತ್ತಾನೆ. ಆದರೆ ಅದು ಕೆಎ ನಂಬರಿನ ಗಾಡಿ ಆದರೆ ಮಾತ್ರ. ದೆಹಲಿಯಿಂದ ಬಂದ ಡೀಸೆಲ್ ಗಾಡಿ ಒಂದು ಲಕ್ಷ ಕಡಿಮೆಗೆ ಇದೆ ಅಂತ ಯಾರಾದರೂ ಹೇಳಿದರೆ ಕೈ ಮುಗಿದು ಎದ್ದು ಬನ್ನಿ. ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಎನ್‌ಒಸಿ (ಅಭ್ಯಂತರವಿಲ್ಲ ಅನ್ನುವ ಪತ್ರ) ತರಬೇಕು, ಆ ಒಂದು ಲಕ್ಷ ಅಲ್ಲೇ ಕರಗುತ್ತದೆ.

---

ಕೊಬ್ಬರಿ ಸೀಮೆಯವ

ಮೇಷ್ಟ್ರೇ, ಥ್ಯಾಂಕ್ಸ್. ಬಡ್ಡಿಯ ಲೆಕ್ಕ ನಾನು ಹಾಕಿಯೇ ಇರಲಿಲ್ಲ. ಈಕೋ ಕೈಬಿಟ್ಟೆ, ಏಳು ಸೀಟಿನದಕ್ಕೆ ಎಸಿ ಇರುತ್ತಿರಲಿಲ್ಲ ಅಂದರು, ಹಸುಗೂಸು ಇಟ್ಟುಕೊಂಡು ಏಪ್ರಿಲ್‌ನಲ್ಲಿ ಎಸಿ ಇಲ್ಲದೆ ಆಗಲ್ಲ. 2018ರ ಕೊನೆಗೆ ಬಂದ ಹೊಸ ಆಕಾರದ ಎರ್ಟಿಗಾ ಹುಡುಕ್ತಿದ್ದೇನೆ. ಒಳ್ಳೇದು ಅನ್ನಿಸಿದ್ದೆಲ್ಲ ಏಳೂವರೆ ಮೇಲೇ ಇದೆ. ಹಳೇ ಆಕಾರದ್ದು, 2014-15ರದ್ದು ಐದು ಲಕ್ಷದ ಆಸುಪಾಸು ಹೇಳ್ತಿದ್ದಾರೆ.

---

ಎರಡು ಮಕ್ಕಳ ತಾಯಿ

ಎಲ್ಲರೂ ಇಂಜಿನ್ನು, ತೆರಿಗೆ ಅಂತ ಬರೀತಿದ್ದೀರಿ. ಯಾರು ಎಲ್ಲಿ ಕೂರ್ತಾರೆ ಅಂತ ಒಬ್ಬರೂ ಕೇಳಲಿಲ್ಲವಲ್ಲ! ಏಳು ಸೀಟು ಇದೆ ಅಂದ ತಕ್ಷಣ ಏಳು ಜನ ಕೂರಬಹುದು ಅಂತ ಅಲ್ಲ. ನಾವು ಈ ತಪ್ಪು ಮಾಡಿದ್ದೇವೆ, ಅದಕ್ಕೇ ಹೇಳ್ತಿದ್ದೇನೆ.

ಮೊದಲು ಮಗು. ತೊಡೆ ಮೇಲೆ ಕೂರಿಸಿಕೊಂಡು ಹೋದರೆ ಆಯ್ತು ಅಂತ ಮನೆಯಲ್ಲಿ ಹಿರಿಯರು ಹೇಳ್ತಾರೆ, ನಮ್ಮತ್ತೆಯೂ ಹೇಳಿದರು. ಬೇಡ. 60ರ ವೇಗದಲ್ಲಿ ಕಾರು ಎಲ್ಲಾದರೂ ಗುದ್ದಿದರೆ ಎಂಥ ಗಟ್ಟಿಗರ ಕೈಯಲ್ಲೂ ಮಗು ನಿಲ್ಲಲ್ಲ. ಹುಟ್ಟಿದ ಮಗುವಿಗೆ ಹಿಂದಕ್ಕೆ ಮುಖ ಮಾಡಿ ಕೂರಿಸುವ ಬೇಬಿ ಸೀಟು ಬೇಕು. ಅದನ್ನು ಮುಂದಿನ ಸೀಟಿಗೆ ಹಾಕಲೇಬಾರದು, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮಗುವಿಗೆ ಪ್ರಾಣಾಪಾಯ. ಮಧ್ಯದ ಸಾಲಿಗೇ ಹಾಕಬೇಕು. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ಅಂತ ಕಾನೂನೂ ಇದೆ, 2019ರ ತಿದ್ದುಪಡಿಯಲ್ಲಿ ಬಂದದ್ದು. ದಂಡ ಬಿಡಿ, ಮಗು ಮುಖ್ಯ.

ಈಗ ತೊಂದರೆ ಎಲ್ಲಿ ಅಂದರೆ, ಮೂರನೇ ಸಾಲಿಗೆ ಹೋಗಬೇಕಾದರೆ ಮಧ್ಯದ ಸಾಲಿನ ಸೀಟು ಮಡಚಬೇಕು. ಬೇಬಿ ಸೀಟು ಕಟ್ಟಿದ ಸೀಟು ಮಡಚೋಕೆ ಆಗಲ್ಲ! ನಾವು ಎಡಗಡೆ ಕಟ್ಟಿಬಿಟ್ಟಿದ್ದೆವು. ದೊಡ್ಡ ಮಗ ಹಿಂದಿನ ಸೀಟಿಗೆ ಡಿಕ್ಕಿ ಕಡೆಯಿಂದ ಹತ್ತಿ ಹಾರಿ ಹೋಗ್ತಿದ್ದ. ಅವನಿಗೆ ಖುಷಿ, ನನಗೆ ಭಯ. ಆಮೇಲೆ ಬಲಗಡೆಗೆ ಬದಲಾಯಿಸಿದೆವು. ನೀವು ಮೊದಲೇ ಬಲಗಡೆ, ಡ್ರೈವರ್ ಹಿಂದೆ ಕಟ್ಟಿ. ಎಡಗಡೆ ಮಡಚೋಕೆ ಬಿಡಿ, ಫುಟ್‌ಪಾತ್ ಕಡೆಯಿಂದ ಹತ್ತಿ ಇಳಿಯೋದೂ ಕ್ಷೇಮ.

ನಿಮ್ಮ ಮನೆಗೆ ನಾನು ಕೂರಿಸಿ ನೋಡಿದೆ (ಮನಸ್ಸಿನಲ್ಲೇ). ನೀವು ಸ್ಟೇರಿಂಗು. ಮಂಡಿ ನೋವಿನ ಅಪ್ಪ ಮುಂದೆ, ಸೀಟು ಹಿಂದಕ್ಕೆ ತಳ್ಳಿ ಕಾಲು ಚಾಚಿಕೊಂಡು. ಮಧ್ಯದಲ್ಲಿ ಬಲಕ್ಕೆ ಮಗು, ನಡುವೆ ನಿಮ್ಮ ಹೆಂಡತಿ, ಎಡಕ್ಕೆ ಅಮ್ಮ. ಹಿಂದೆ ಮಗಳು ಬೂಸ್ಟರ್ ಸೀಟಿನ ಮೇಲೆ. ಮೂರನೇ ಸಾಲಿನ ಇನ್ನೊಂದು ಸೀಟು ಖಾಲಿ. ಟ್ರೈಬರ್‌ನಲ್ಲಿ ಆ ಖಾಲಿ ಸೀಟನ್ನು ಪೂರ್ತಿ ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಬಹುದು! ನಿಮ್ಮ ತೆಂಗಿನಕಾಯಿ ಚೀಲಕ್ಕೆ ಜಾಗ ಅಲ್ಲೇ. ಏಳೂ ಸೀಟು ಇಟ್ಟುಕೊಂಡರೆ ಅದರ ಡಿಕ್ಕಿ 84 ಲೀಟರ್ ಮಾತ್ರ, ಎರಡು ಬ್ಯಾಗಿಗೂ ಸಾಲಲ್ಲ. ಹಿಂದಿನ ಎರಡೂ ಬಿಚ್ಚಿದರೆ 625. ಎರ್ಟಿಗಾದಲ್ಲಿ ಏಳೂ ಸೀಟು ಇದ್ದಾಗಲೂ 209 ಲೀಟರ್ ಇರುತ್ತೆ, ಸೀಟು ಬಿಚ್ಚೋಕೆ ಆಗಲ್ಲ, ಒಂದನ್ನು ಮಡಚಿಡಬಹುದು. ಚೀಲದ ಬಾಯಿ ಬಿಗಿಯಾಗಿ ಕಟ್ಟಿ, ಮುಂದಕ್ಕೆ ಉರುಳದ ಹಾಗೆ ಹಗ್ಗ ಹಾಕಿ. ಮಗಳ ಪಕ್ಕದಲ್ಲಿ ಇರುತ್ತೆ ಅದು.

ಇನ್ನೊಂದು. ಶೋರೂಮಿಗೆ ನೀವೊಬ್ಬರೇ ಹೋಗಬೇಡಿ. ಆರೂ ಜನ ಹೋಗಿ. ಇನ್ನೂ ಹುಟ್ಟಿಲ್ಲದ ಮಗುವಿನ ಬದಲು ಯಾರದಾದರೂ ಬೇಬಿ ಸೀಟು ಕೇಳಿ ತಗೊಂಡು ಹೋಗಿ, ಕಟ್ಟಿ ನೋಡಿ. ಸೇಲ್ಸ್‌ನವರು ವಿಚಿತ್ರವಾಗಿ ನೋಡ್ತಾರೆ. ನೋಡಲಿ.

---

ಗ್ಯಾರೇಜ್ ಕಡೆಯವ, ಹುಬ್ಬಳ್ಳಿ

ಅಕ್ಕಾರು ಹೇಳಿದ್ದು ನೂರಕ್ಕ ನೂರು. ಸೆಕೆಂಡ್ ಹ್ಯಾಂಡ್ ನೋಡಾಕ ಹೊಂಟೀರಿ ಅಂದ್ರ ನನ್ನ ಕಡೆಯಿಂದ ನಾಲ್ಕು ಮಾತು ಕೇಳ್ರಿ. ಇನ್ನು ಮುಂದೆ ಎಲ್ಲರಿಗೂ ತಿಳಿಯುವ ಹಾಗೆ ಬರೀತೇನೆ.

ಏಳು ಸೀಟಿನ ಹಳೇ ಗಾಡಿಯಲ್ಲಿ ದೊಡ್ಡ ಭಯ ಅಂದರೆ ಯೆಲ್ಲೋ ಬೋರ್ಡು. ಟ್ಯಾಕ್ಸಿಯಾಗಿ ಓಡಿದ್ದನ್ನು ವೈಟ್ ಬೋರ್ಡಿಗೆ ಬದಲಾಯಿಸಿ ಮನೆ ಗಾಡಿ ಅಂತ ಮಾರ್ತಾರೆ. ಬದಲಾಯಿಸೋದು ಕಾನೂನು ಪ್ರಕಾರ ಸರಿಯೇ, ತಪ್ಪಿಲ್ಲ. ತಪ್ಪು ಅಂದರೆ ಹೇಳದೇ ಮಾರೋದು. ಗುರುತು ಹಿಡಿಯೋದು ಹೇಗೆ? ಟ್ಯಾಕ್ಸಿಗೆ 80ಕ್ಕೆ ನಿಲ್ಲಿಸುವ ಸ್ಪೀಡ್ ಗವರ್ನರ್ ಹಾಕಿರ್ತಾರೆ. ಬಿಚ್ಚಿದರೂ ಇಂಜಿನ್ ಕಡೆ ತೂತು, ಕತ್ತರಿಸಿ ಅಂಟಿಸಿದ ವೈರು ಉಳಿದಿರುತ್ತದೆ. ಮಧ್ಯದ ಸಾಲಿನ ಸೀಟು ಡ್ರೈವರ್ ಸೀಟಿಗಿಂತ ಜಾಸ್ತಿ ಕುಸಿದಿದೆಯಾ ನೋಡಿ. ಮನೆ ಗಾಡಿಯಲ್ಲಿ ಹಾಗೆ ಆಗಲ್ಲ.

ಮೀಟರ್ ನಂಬಬೇಡಿ. ಹೋದ ವರ್ಷ ಒಬ್ಬರು ಬಂದರು, ಯಾವುದೋ ಹಳೇ ಕಾರಿನ ಅಂಗಡಿಯಲ್ಲಿ ತಗೊಂಡದ್ದು, ಮೀಟರಿನಲ್ಲಿ 58 ಸಾವಿರ. ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣ್ತಿತ್ತು. ಸರ್ವೀಸ್ ದಾಖಲೆ ತೆಗೆಸಿದರೆ ಎರಡು ವರ್ಷದ ಹಿಂದೆಯೇ 1 ಲಕ್ಷ 12 ಸಾವಿರ! ಪಾಪ, ಆ ಮನುಷ್ಯ ಅಲ್ಲೇ ಕೂತುಬಿಟ್ಟರು. ದುಡ್ಡು ಕೊಡೋ ಮೊದಲು ನಂಬರು ಹೇಳಿ ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಹಿಸ್ಟರಿ ಕೇಳಿ, ಮಾಲೀಕರನ್ನೇ ಜೊತೆಗೆ ಕರ್ಕೊಂಡು ಹೋದರೆ ಕೊಡ್ತಾರೆ.

ನೀರಲ್ಲಿ ಮುಳುಗಿದ ಗಾಡಿ ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಬೇಸ್‌ಮೆಂಟುಗಳಲ್ಲಿ ಎಷ್ಟು ಕಾರು ಮುಳುಗಿದವು ನೆನಪಿದೆ ಅಲ್ವಾ? ಅವೆಲ್ಲ ಗುಜರಿಗೆ ಹೋದವು ಅಂತ ನಾನು ನಂಬಲ್ಲ. ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ, ಕೊನೆಯ ತುದಿವರೆಗೆ. ಒಳಗೆ ಕೆಸರಿನ ಗೆರೆ ಇದ್ದರೆ ಅಲ್ಲಿಂದಲೇ ವಾಪಸ್. ಸೀಟಿನ ಕೆಳಗಿನ ಕಂಬಿ ತುಕ್ಕು ಹಿಡಿದಿದೆಯಾ ಕೈಯಾಡಿಸಿ. ಒಳಗೆ ಸುಗಂಧ ಜೋರಾಗಿ ಹೊಡೆದಿದ್ದರೂ ಅನುಮಾನ ಪಡಿ.

ಟಯರಿನ ಮೇಲೆ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗಾಡಿ 2019ರದ್ದು, 30 ಸಾವಿರ ಓಡಿದೆ ಅಂತಾರೆ, ಆದರೆ ನಾಲ್ಕೂ ಟಯರು 2022ರದ್ದು. ಯಾಕೆ ಬದಲಾಯ್ತು ಅಂತ ಕೇಳಿ. ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಬಿಸಿ ಇದ್ದರೆ ನೀವು ಬರೋ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗಲೇ ನಿಜ ಹೇಳೋದು.

ಕಾಗದ ಪತ್ರ: ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ. ಸಾಲ ಇದೆಯಾ, ಇನ್ಶೂರೆನ್ಸ್ ಎಲ್ಲಿಯವರೆಗೆ, ಎಷ್ಟನೇ ಮಾಲೀಕ, ಎಲ್ಲ ಬರುತ್ತೆ. ದಂಡ ಬಾಕಿ ಬೇರೆ ನೋಡಿ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿತು ಅಂತ ಆರ್‌ಟಿಒಗೆ ಕೊಡುವ ಫಾರಂ 35 ಇಲ್ಲದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಯಾರಾದರೂ ಗೊತ್ತಿರೋ ಮೆಕ್ಯಾನಿಕ್ಕಿಗೆ ಸಾವಿರ ರೂಪಾಯಿ ಕೊಟ್ಟು ಕರ್ಕೊಂಡು ಹೋಗಿ. ಆ ಸಾವಿರ ನಿಮಗೆ ಐವತ್ತು ಸಾವಿರ ಉಳಿಸುತ್ತೆ.

---

ಕುಡ್ಲದಿಂದ

ಮಾರಾಯ್ರೆ, ನನಗೊಂದು ಬೇರೆ ಪ್ರಶ್ನೆ. ಕಾರು ವಾರವಿಡೀ ನಿಂತೇ ಇರುತ್ತದೆ ಅಂತೀರಿ. ತಿಂಗಳಿಗೆ ಎರಡು ಸಲ ಊರಿಗೆ. ಆಲ್ಟೊ ಇಟ್ಟುಕೊಂಡು ಊರಿಗೆ ಹೋಗುವಾಗ ಮಾತ್ರ ಬಾಡಿಗೆ ಗಾಡಿ ಮಾಡಿದರೆ ಆಗುವುದಿಲ್ಲವಾ? ತಿಪಟೂರಿಗೆ ರೈಲೂ ಉಂಟಲ್ಲ. ಹಿರಿಯರು ರೈಲಲ್ಲಿ, ನೀವು ಮಕ್ಕಳು ಕಾರಲ್ಲಿ. ಸಾಲವೇ ಬೇಡ.

ಅದು ಆಗದಿದ್ದರೆ ಟ್ರೈಬರ್ ಬಗ್ಗೆ ನನ್ನ ಅನುಭವ. ಮೂರು ವರ್ಷದಿಂದ ಓಡಿಸುತ್ತಿದ್ದೇನೆ, ತಿಂಗಳಿಗೊಮ್ಮೆ ಚಾರ್ಮಾಡಿ ಹತ್ತಿ ಇಳಿಯುತ್ತೇನೆ. 72 ಅಶ್ವಶಕ್ತಿಯ ಸಣ್ಣ ಇಂಜಿನ್, ಅದು ಗೊತ್ತಿದ್ದೇ ತಗೊಂಡದ್ದು. ಎರ್ಟಿಗಾದಲ್ಲಿ ನೂರರ ಮೇಲೆ ಉಂಟು. ಇಬ್ಬರು ಮೂವರು ಇದ್ದರೆ ಏನೂ ಗೊತ್ತಾಗುವುದಿಲ್ಲ. ಆರು ಜನ ಕೂತು ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಇರಬೇಕು, ತಿರುವಿನಲ್ಲಿ ಕೆಲವೊಮ್ಮೆ ಒಂದಕ್ಕೆ. ಮುಂದಿನ ಲಾರಿಯನ್ನು ಹಿಂದೆ ಹಾಕುವ ಆಸೆ ಬಿಡಬೇಕು. ನಿಧಾನ ಹೋದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲಿಕ್ಕೆ ಹತ್ತು ನಿಮಿಷ ತಡ ಆಗುತ್ತದೆ, ಅಷ್ಟೆ. ಇಳಿಯುವಾಗಲೂ ಅದೇ ಗೇರು, ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ. ಬೆಂಗಳೂರು ತುಮಕೂರು ತಿಪಟೂರು ಸಪಾಟು ರಸ್ತೆ, ನಿಮಗೆ ವರ್ಷಕ್ಕೊಮ್ಮೆ ಮಾತ್ರ ಘಾಟಿ. ವರ್ಷಕ್ಕೆ ಒಂದು ದಿನದ ಘಾಟಿಗೋಸ್ಕರ ದೊಡ್ಡ ಇಂಜಿನಿಗೆ ಎರಡು ಲಕ್ಷ ಹೆಚ್ಚು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಸೇಫ್ಟಿ ಕೇಳಿದರೆ, 2021ರಲ್ಲಿ ಕಾರು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಟ್ರೈಬರ್‌ಗೆ ದೊಡ್ಡವರಿಗೆ 4, ಮಕ್ಕಳಿಗೆ 3 ಸ್ಟಾರ್ ಬಂದಿತ್ತು. ಎರ್ಟಿಗಾಕ್ಕೆ 2019ರಲ್ಲಿ ಎರಡಕ್ಕೂ 3. ಅಂಥ ದೊಡ್ಡ ವ್ಯತ್ಯಾಸ ಅಲ್ಲ. ಹಳೆಯ 2014ರ ಗಾಡಿಗೆ ಹೋಗುವುದಾದರೆ ಮಾತ್ರ ಏರ್‌ಬ್ಯಾಗ್ ಉಂಟಾ ಅಂತ ಮೊದಲು ನೋಡಿ, ಆಗ ಕೆಳಗಿನ ಮಾಡೆಲುಗಳಲ್ಲಿ ಕೊಡುತ್ತಿರಲಿಲ್ಲ.

---

ಲೆಕ್ಕದ ಮೇಷ್ಟ್ರು

ಬಾಡಿಗೆ ಲೆಕ್ಕ ನಾನೂ ಹಾಕಿದೆ. 300 ಕಿಲೋಮೀಟರ್, ಕಿಲೋಮೀಟರಿಗೆ 16 ರೂಪಾಯಿ ಅಂದರೂ 4,800. ಡ್ರೈವರ್ ಭತ್ಯೆ, ಟೋಲು ಬೇರೆ. ಇಪ್ಪತ್ತನಾಲ್ಕು ಸಲಕ್ಕೆ ಒಂದೂಕಾಲು ಲಕ್ಷದ ಹತ್ತಿರ. ವರ್ಷದ ಕಂತು 75 ಸಾವಿರ. ತಿಂಗಳಿಗೆ ಒಂದೇ ಸಲ ಹೋಗುವವರಾದರೆ ಬಾಡಿಗೆಯೇ ಸರಿ ಅಂತಿದ್ದೆ. ಇವರಿಗೆ ಅಲ್ಲ.

---

ಕೊಬ್ಬರಿ ಸೀಮೆಯವ

ಹದಿನೈದು ದಿನ ಆಯ್ತು, ಕ್ಷಮಿಸಿ. ಏನಾಯ್ತು ಅಂತ ಹೇಳ್ತೇನೆ.

ರೈಲಿನ ವಿಷಯ ಅಪ್ಪನ ಹತ್ತಿರ ಎತ್ತಿದೆ. ಬೋಗಿಯ ಮೆಟ್ಟಿಲು ಹತ್ತೋಕೆ ಮಂಡಿ ಕೇಳಲ್ಲ, ಮೇಲಾಗಿ ತೆಂಗಿನಕಾಯಿ ಯಾರು ಹೊರೋದು ಅಂದರು. ಅಲ್ಲಿಗೆ ಮುಗೀತು.

ಎರಡು ಎರ್ಟಿಗಾ ನೋಡಿದೆ. ಮೊದಲನೇದು 2019ರದ್ದು, ಏಳು ಲಕ್ಷ ಹೇಳಿದರು, ಬಣ್ಣ ಫಳಫಳ ಅಂತಿತ್ತು. ನಮ್ಮ ಬೀದಿಯ ಮೆಕ್ಯಾನಿಕ್ ಬಾನೆಟ್ ಎತ್ತಿದ ಕೂಡಲೇ ನನ್ನ ಕಡೆ ತಿರುಗಿ ನಕ್ಕರು. ಅಂಟಿಸಿದ ವೈರು! ಕೇಳಿದರೆ ಮಾರುವವನು "ಅದು ಹಾರನ್ನಿಂದು" ಅಂದ. ಹುಬ್ಬಳ್ಳಿ ಅಣ್ಣಾ, ನಿಮಗೊಂದು ಚಹಾ ಬಾಕಿ. ಎರಡನೇದು ನಿಜವಾಗಲೂ ಒಳ್ಳೆ ಗಾಡಿ, ಒಬ್ಬರು ನಿವೃತ್ತ ಲೆಕ್ಚರರ್ ಇಟ್ಟುಕೊಂಡಿದ್ದು, ಸರ್ವೀಸ್ ಬುಕ್ಕಿನಲ್ಲಿ ಪ್ರತಿ ಪುಟ ತುಂಬಿದೆ. ಏಳು ಎಂಬತ್ತು ಅಂದರು, ಒಂದು ರೂಪಾಯಿ ಇಳಿಸಲಿಲ್ಲ. ವರ್ಗಾವಣೆ, ಇನ್ಶೂರೆನ್ಸ್, ಟಯರು ಸೇರಿದರೆ ಎಂಟೂಕಾಲು. ಬಿಟ್ಟು ಬಂದೆ. ಈಗಲೂ ಸ್ವಲ್ಪ ಬೇಜಾರಿದೆ.

ಆಮೇಲೆ ಅಕ್ಕ ಹೇಳಿದ ಹಾಗೆ ಭಾನುವಾರ ಎಲ್ಲರನ್ನೂ ಕರ್ಕೊಂಡು ಟ್ರೈಬರ್ ನೋಡೋಕೆ ಹೋದೆವು. ಪಕ್ಕದ ಮನೆಯವರ ಬೇಬಿ ಸೀಟು ಬಗಲಲ್ಲಿ. ಸೇಲ್ಸ್ ಹುಡುಗ ನಿಜವಾಗಲೂ ವಿಚಿತ್ರವಾಗಿ ನೋಡಿದ, ಆಮೇಲೆ ಅವನೇ ಬಗ್ಗಿ ಬೆಲ್ಟ್ ಕಟ್ಟಿಕೊಟ್ಟ. ಬಲಗಡೆ ಬೇಬಿ ಸೀಟು ಕಟ್ಟಿದ ಮೇಲೆ ನಡುವೆ ಹೆಂಡತಿಗೆ ಜಾಗ ಬಿಗಿ ಆಯ್ತು. ಹತ್ತು ನಿಮಿಷ ಕೂತು, "ತಿಪಟೂರಿನವರೆಗೆ ನಾನಿಲ್ಲಿ ಕೂರಲ್ಲ" ಅಂದಳು. ಸರಿ, ಈಗೇನು ಅಂತ ನಾನು ತಲೆ ಕೆರೆದುಕೊಳ್ತಿರುವಾಗ ಅಮ್ಮ ಎಡಗಡೆ ಸೀಟು ಮಡಚಿಸಿಕೊಂಡು ಸಲೀಸಾಗಿ ಹಿಂದಕ್ಕೆ ಹೋಗಿ ಮೊಮ್ಮಗಳ ಪಕ್ಕ ಕೂತುಬಿಟ್ಟರು. ಅಮ್ಮ ಐದು ಅಡಿ ಇಲ್ಲ, ಮೊಣಕಾಲು ತಾಗಲ್ಲ. ಹಿಂದಿನ ಸೀಟಿಗೆ ಅಮ್ಮ ಹೋಗಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಈಗ ಸಮಸ್ಯೆ ತೆಂಗಿನಕಾಯಿ. ಹಿಂದಿನ ಎರಡೂ ಸೀಟು ತುಂಬಿದವು, ಬಿಚ್ಚೋಕೆ ಆಗಲ್ಲ. ಮಧ್ಯದಲ್ಲಿ ಹೆಂಡತಿ ಎಡಕ್ಕೆ, ಮಗು ಬಲಕ್ಕೆ, ನಡುವೆ ಖಾಲಿ. ಅಪ್ಪ ಅಲ್ಲಿಗೆ ಕೈ ತೋರಿಸಿ, "ಕೆಳಗೆ ಕಾಲಿಡೋ ಜಾಗದಲ್ಲಿ ಅರ್ಧ ಚೀಲ, ಹಿಂದೆ ಅರ್ಧ ಚೀಲ, ಸಿಪ್ಪೆ ಸುಲಿಸಿಕೊಂಡು ಬಂದರಾಯ್ತು" ಅಂದರು. ನಾನು ಹದಿನೈದು ದಿನದಿಂದ ತಲೆ ಕೆಡಿಸಿಕೊಂಡದ್ದು ಅಪ್ಪ ಒಂದು ನಿಮಿಷದಲ್ಲಿ ಮುಗಿಸಿದರು.

ಬುಕ್ ಮಾಡಿದೆ, ಕೆಳಗಿನ ಮಾಡೆಲ್. ಕೋಟಿಂಗು ಪಾಲಿಶು ಬೇಡ ಅಂದೆ, ಮೇಷ್ಟ್ರೇ. ಭಾವನಿಗೆ ಇನ್ನೂ ಹೇಳಿಲ್ಲ.

ಕೊನೇ ಪ್ರಶ್ನೆ ಒಂದಿದೆ. ಆಲ್ಟೊಗೆ ಶೋರೂಮ್‌ನವರು ಎಕ್ಸ್‌ಚೇಂಜಿನಲ್ಲಿ 1 ಲಕ್ಷ 15 ಸಾವಿರ ಅಂದರು. ನಮ್ಮ ಕಂಪನಿಯಲ್ಲೇ ಒಬ್ಬ ಹುಡುಗ ಡ್ರೈವಿಂಗ್ ಕಲಿಯುತ್ತಿದ್ದಾನೆ, ಒಂದು ನಲವತ್ತೈದು ಕೊಡ್ತೇನೆ ಅಂತಾನೆ. ಅವನಿಗೆ ಕೊಡಬಹುದಾ? ಎಚ್ಚರಿಕೆ ಏನು?

---

ಗ್ಯಾರೇಜ್ ಕಡೆಯವ, ಹುಬ್ಬಳ್ಳಿ

ಹುಡುಗನಿಗೇ ಕೊಡಿ, ಮೂವತ್ತು ಸಾವಿರ ಸುಮ್ನೆ ಯಾಕೆ ಬಿಡ್ತೀರಿ. ಆದರೆ ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಅವನ ಕೈಗೆ ಕೊಟ್ಟು ಮರೆತುಬಿಡಬೇಡಿ. ನೀವೇ ಜೊತೆಗೆ ಹೋಗಿ, ಇಲ್ಲಾಂದ್ರೆ ಆನ್‌ಲೈನಿನಲ್ಲಿ ಅರ್ಜಿ ಹಾಕಿಸಿ, ಆರ್‌ಸಿ ಅವನ ಹೆಸರಿಗೆ ಆಗಿದ್ದು ಕಣ್ಣಾರೆ ನೋಡಿ. ಆರ್‌ಸಿಯಲ್ಲಿ ನಿಮ್ಮ ಹೆಸರು ಇರುವವರೆಗೆ ಅವನು ಎಲ್ಲಾದರೂ ಗುದ್ದಿದರೆ ನೋಟಿಸು ನಿಮ್ಮ ಮನೆಗೆ ಬರುತ್ತೆ. ಕಲಿಯುವ ಹುಡುಗ ಅಂತ ಬೇರೆ ಹೇಳ್ತಿದ್ದೀರಿ! ಗಾಡಿ ಕೊಡುವ ದಿನ ತಾರೀಖು, ಗಂಟೆ, ಮೀಟರ್ ಓದು ಬರೆದು ಇಬ್ಬರೂ ಸಹಿ ಹಾಕಿ. ಹಳೇ ಫಾಸ್ಟ್‌ಟ್ಯಾಗ್ ಮುಚ್ಚಿಸಿ, ಇಲ್ಲಾಂದ್ರೆ ಅವನ ಟೋಲು ನೀವು ಕಟ್ಟಬೇಕಾಗುತ್ತೆ.

---

ಲೆಕ್ಕದ ಮೇಷ್ಟ್ರು

ಅದರ ಜೊತೆ ಇನ್ನೊಂದು. ಆಲ್ಟೊ ಇನ್ಶೂರೆನ್ಸಿನಲ್ಲಿ ಎಷ್ಟು ವರ್ಷದಿಂದ ಕ್ಲೇಮ್ ಮಾಡಿಲ್ಲ? ಐದು ವರ್ಷ ಮಾಡದಿದ್ದರೆ ನೋ ಕ್ಲೇಮ್ ಬೋನಸ್ 50 ಪರ್ಸೆಂಟ್ ಇರುತ್ತೆ. ಅದು ಕಾರಿಂದಲ್ಲ, ನಿಮ್ಮದು. ಮಾರುವಾಗ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ತಗೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಹಾಕಿಸಬಹುದು. ಹೊಸ ಕಾರಿನ ಸ್ವಂತ ಹಾನಿಯ ಪ್ರೀಮಿಯಂ ಅರ್ಧಕ್ಕೆ ಇಳಿಯುತ್ತೆ, ಥರ್ಡ್ ಪಾರ್ಟಿ ಭಾಗಕ್ಕೆ ಅನ್ವಯಿಸಲ್ಲ. ಶೋರೂಮ್‌ನವರು ಇದನ್ನು ತಾವಾಗಿ ಹೇಳಲ್ಲ.

---

ಕೊಬ್ಬರಿ ಸೀಮೆಯವ

ಆರು ವರ್ಷದಿಂದ ಒಂದೂ ಕ್ಲೇಮ್ ಇಲ್ಲ! ನಾಳೆ ಬೆಳಿಗ್ಗೆಯೇ ಫೋನ್ ಮಾಡ್ತೇನೆ. ಉಳಿದ ದುಡ್ಡಲ್ಲಿ ಬೇಬಿ ಸೀಟು ಬರುತ್ತೆ, ಪಕ್ಕದ ಮನೆಯವರದ್ದು ವಾಪಸ್ ಕೊಡಬೇಕು.